ದೇವರಕಾಡಿನ ಮರದ ನಾಯಿ

ಕೊಡಗಿನ ನಾಪೋಕ್ಲಿನ ಹತ್ತಿರ ನಮ್ಮ ತೋಟದ ಮನೆಯ ಎರಡು ಕೋಣೆಗಳನ್ನು ನಾನೂ ನನ್ನ ಹೆಂಡತಿಯೂ ಹೋಂಸ್ಟೇ ಮಾಡಿದ್ದೇವೆ. ಕಳೆದ ವರ್ಷ ಮೈಸೂರಿನಿಂದ ವಯಸ್ಸಾದ ದಂಪತಿ ಬಂದಿದ್ದರು. ಯಜಮಾನರಿಗೆ ಮರದ ಪ್ರಾಣಿಗಳ ಹುಚ್ಚು. ಹೋದ ಊರಿನಿಂದೆಲ್ಲ ಒಂದೊಂದು ಬೊಂಬೆ ತರುತ್ತಿದ್ದರಂತೆ. ಚನ್ನಪಟ್ಟಣದ ಕುದುರೆ, ಕೊಂಡಪಲ್ಲಿಯ ಆನೆ, ಕೇರಳದ ಹುಲಿ ಎಲ್ಲವನ್ನೂ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ತೋರಿಸಿದರು. ಕೆಲವನ್ನು ಮ್ಯೂಸಿಯಮ್ಮಿಗೂ ಕೊಟ್ಟಿದ್ದರು.

"ಕೊಡಗಿನದು ಒಂದೂ ಸಿಕ್ಕಿಲ್ಲ ನೋಡಿ" ಎಂದರು. ಮಡಿಕೇರಿಯ ಅಂಗಡಿಗಳಲ್ಲಿ ಇರುವುದೆಲ್ಲ ಹೊರಗಿನ ಮಾಲು ಎಂದೆ.

ಮರುದಿನ ಅವರನ್ನು ದೇವರಕಾಡಿಗೆ ಕರೆದುಕೊಂಡು ಹೋದೆ. ಹರಕೆ ಹೊತ್ತವರು ಅಯ್ಯಪ್ಪನಿಗೆ ಮಣ್ಣಿನ ನಾಯಿ ಒಪ್ಪಿಸುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಪಾಚಿ ಹಿಡಿದ ಆ ಸಾಲಿನಲ್ಲಿ ಒಂದೇ ಒಂದು ಮರದ ನಾಯಿಯಿತ್ತು. ತನ್ನ ಹೆಂಡತಿಯ ಕಾಯಿಲೆ ವಾಸಿಯಾದಾಗ ಮಣ್ಣಿನದು ಮಾಡಿಕೊಡುವವರು ಸಿಗದೆ, ನಮ್ಮ ಪಕ್ಕದ ಮನೆಯವನು ಹಲಸಿನ ಮರದಲ್ಲಿ ತಾನೇ ಕೆತ್ತಿ ಇಟ್ಟದ್ದು. ಯಜಮಾನರು ಅದರ ಮುಂದೆ ಬಹಳ ಹೊತ್ತು ನಿಂತರು. ಸಂಜೆ ಕತ್ತಲಾಗುವ ಹೊತ್ತಿಗೆ ಒಬ್ಬರೇ ಇನ್ನೊಮ್ಮೆ ಆ ಕಡೆ ನಡೆದುಹೋಗಿ ಬಂದರು.

ಮೂರನೆಯ ದಿನ ಬೆಳಿಗ್ಗೆ ಅವರು ಹೊರಟಿದ್ದರು. ಪೆಟ್ಟಿಗೆಗಳನ್ನು ಕಾರಿಗೆ ಇಡುತ್ತಿದ್ದಾಗ ಪಕ್ಕದ ಮನೆಯವನು ಬಂದ. ಜೊತೆಗೆ ಊರಿನ ನಾಲ್ಕಾರು ಮಂದಿ. ಒಬ್ಬ ಬೈಕನ್ನು ಗೇಟಿಗೆ ಅಡ್ಡ ನಿಲ್ಲಿಸಿದ.

"ದೀಪ ಇಡಿಕೆ ಹೋಗಿದ್ದೆ ಅಣ್ಣ. ಅಲ್ಲಿ ನಾಯಿ ಇಲ್ಲೆ. ನಿಮ್ಮ ಮನೇಲಿ ಉಟ್ಟಾ?"

ನಾಯಿ ನಮ್ಮ ಮನೆಯಲ್ಲಿದೆಯಾ ಎಂದು ಅವನು ಕೇಳಿದ್ದು ನನ್ನ ಅತಿಥಿಗಳನ್ನು ಕುರಿತು. ನಮ್ಮ ಮನೆಯಲ್ಲಿ ಉಂಡವರಿಗೆ ಪೆಟ್ಟಿಗೆ ಬಿಚ್ಚಿ ಎನ್ನುವುದು ಹೇಗೆ? ಕೇಳದಿದ್ದರೆ ಇವರು ಸುಮ್ಮನಿರುವವರಲ್ಲ. ಕಾರಿನ ಹತ್ತಿರ ಹೋದೆ.

"ಸಾರ್, ಕಾಡಿಂದ ಏನಾದ್ರೂ ತಂದಿದ್ದೀರಾ?"

"ಏನ್ರೀ ಹಾಗಂದ್ರೆ? ನಾವು ಕಳ್ಳರಾ?"

ಗೇಟಿನ ಕಡೆ ಗದ್ದಲವೆದ್ದಿತು. ಒಬ್ಬ ಮೊಬೈಲು ಎತ್ತಿ ವಿಡಿಯೋ ಮಾಡತೊಡಗಿದ. ನನ್ನ ಹೆಂಡತಿ ಹೋಗಿ ಅವನ ಎದುರಿಗೆ ನಿಂತಳು. ಆಗ ಯಜಮಾನರ ಹೆಂಡತಿ ಮೆಲ್ಲಗೆ, "ಕೊಟ್ಬಿಡಿ. ನಾನು ಬೇಡ ಅಂತ ಅಷ್ಟು ಹೇಳಿದೆ" ಎಂದರು.

ಯಜಮಾನರು ಕಾರಿನಿಂದ ಒಂದು ಪೆಟ್ಟಿಗೆ ಇಳಿಸಿದರು. ಪೆಟ್ಟಿಗೆ ತೆರೆದು, ಟವೆಲಿನಲ್ಲಿ ಸುತ್ತಿದ್ದ ನಾಯಿಯನ್ನು ಹೊರಗೆ ತೆಗೆದರು.

"ಅಲ್ಲಿದ್ರೆ ಗೆದ್ದಲು ತಿನ್ನುತ್ತೆ. ಮ್ಯೂಸಿಯಮ್ಮಲ್ಲಾದ್ರೆ ಉಳಿಯುತ್ತೆ ಅಂತ..."

ನಾನು ಕೈಚಾಚಿದೆ. ಪಕ್ಕದ ಮನೆಯವನು ತಡೆದ. "ನೀವು ಮುಟ್ಟುದು ಬೇಡ ಅಣ್ಣ. ನಾನೂ ಮುಟ್ಟುಲೆ. ತಕಂಡು ಹೋದವ್ವೇ ವಾಪಸ್ ಇಡ್ಲಿ."

ಯಜಮಾನರು ಚಪ್ಪಲಿ ಬಿಟ್ಟು, ನಾಯಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಡೆದರು. ಬರಿಗಾಲು ಅಭ್ಯಾಸವಿಲ್ಲದೆ ಕಲ್ಲು ಚುಚ್ಚಿ ತಡವರಿಸುತ್ತಿದ್ದರು. ನಾನು ಪಕ್ಕದಲ್ಲೇ ಇದ್ದೆ. ಹಿಂದೆ ಬರುತ್ತಿದ್ದವರಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಯಾರಾದರೂ ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಕಾಡಿನೊಳಗೆ ಅವರಿಗೆ ಜಾಗ ಗೊತ್ತಾಗಲಿಲ್ಲ. ಸಾಲಿನ ಉದ್ದಕ್ಕೂ ಎರಡು ಸಲ ಓಡಾಡಿದರು. "ಎಲ್ಲಿಂದ ತೆಗ್ದದ್ದೂಂತಲೂ ಗೊತ್ತಿಲ್ಲೆಯಾ!" ಎಂದು ಹಿಂದಿನಿಂದ ಯಾರೋ ರೇಗಿದರು. ಹೊಡೆತ ಬಿದ್ದರೆ ಅಡ್ಡ ನಿಲ್ಲಬೇಕೆಂದು ನಾನು ಇನ್ನೂ ಹತ್ತಿರ ಸರಿದೆ. ಕೊನೆಗೆ ಅವರು ಬಗ್ಗಿ, ಪಾಚಿಯ ನಡುವೆ ನಾಲ್ಕು ಪಾದಗಳ ಗುರುತು ಕಂಡುಹಿಡಿದು ನಾಯಿಯನ್ನು ಇಟ್ಟರು. ಅದು ಒಮ್ಮೆ ವಾಲಿತು. ನೆಟ್ಟಗೆ ನಿಲ್ಲಿಸಿ, "ತಪ್ಪಾಯ್ತಪ್ಪಾ" ಎಂದರು. ದೇವರಿಗೋ ಪಕ್ಕದ ಮನೆಯವನಿಗೋ ತಿಳಿಯಲಿಲ್ಲ.

ಪಕ್ಕದ ಮನೆಯವನು ದೀಪ ಹಚ್ಚಿದ. "ಇನ್ನು ಹೋಗ್ಲಿ ಅವು" ಎಂದ, ಯಜಮಾನರ ಕಡೆ ತಲೆಯಾಡಿಸಿ.

ಅವರು ತಿಂಡಿಯನ್ನೂ ತಿನ್ನದೆ ಹೊರಟುಹೋದರು. ಪಕ್ಕದ ಮನೆಯವನು ತಿಂಗಳುಗಟ್ಟಲೆ ನಮ್ಮ ಜೊತೆ ಮಾತಾಡಲಿಲ್ಲ. ಎದುರಿಗೆ ಸಿಕ್ಕರೆ ಬೇಲಿ ನೋಡುತ್ತ ಹೋಗುತ್ತಿದ್ದ. ಒಂದು ಬೆಳಿಗ್ಗೆ ಬಸ್ಸು ತಪ್ಪಿ ರಸ್ತೆಯಲ್ಲಿ ನಿಂತಿದ್ದವನ ಮುಂದೆ ಜೀಪು ನಿಲ್ಲಿಸಿದೆ. ಸ್ವಲ್ಪ ಯೋಚಿಸಿ ಹತ್ತಿದ. ನಾಪೋಕ್ಲಿನಲ್ಲಿ ಇಳಿಯುವಾಗ ಬಾಗಿಲು ಹಿಡಿದುಕೊಂಡು ಕೇಳಿದ:

"ಆ ಅಜ್ಜ ಅವತ್ತು ಸರಿಯಾಗಿ ಮನೆ ಮುಟ್ಟಿದೊವಾ ಅಣ್ಣ?"

"ಗೊತ್ತಿಲ್ಲ" ಎಂದೆ. "ಫೋನ್ ಮಾಡ್ಲಿಲ್ಲ."