ಎಡಗಡೆಯ ದನಿ

ಮನುಷ್ಯನಿಗೆ ಎರಡು ಕಿವಿ ಇರುವುದು ಲೋಕವನ್ನು ಎರಡೂ ಕಡೆಯಿಂದ ಕೇಳಿ ನ್ಯಾಯ ಹೇಳಲೆಂದು ಹಿರಿಯರ ಅಭಿಪ್ರಾಯ. ನಮ್ಮ ಟ್ರ್ಯಾಕ್ ಮಾಸ್ಟರು ಬಲಗಿವಿಯನ್ನು ಪೆನ್ಸಿಲ್ ಇಡುವುದಕ್ಕೆ ಬಳಸುತ್ತಿದ್ದರು. ಕಚ್ಚಿ ಕಚ್ಚಿ ಬುಡ ನಾರಾಗಿದ್ದ ಹಳದಿ ಮೋಟು ಪೆನ್ಸಿಲ್. ತಲೆಯಾಡಿಸಿದರೂ ಬೀಳುತ್ತಿರಲಿಲ್ಲವಂತೆ. ಯಾರದಾದರೂ ಹಾಡಿಗೆ ಅವರು ತಲೆಯಾಡಿಸಿದ್ದನ್ನು ನಾನಂತೂ ಕಂಡಿಲ್ಲ.

ಹಲಸೂರಿನ ಸಂದಿಯೊಂದರಲ್ಲಿ, ಟೈಲರ್ ಅಂಗಡಿಯ ಮೇಲಿನ ಕೋಣೆ ಅವರದು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ, ಕಿಟಕಿಗೆ ಹಳೇ ರಜಾಯಿ ಹೊದಿಸಿ ಅದನ್ನು ಸ್ಟುಡಿಯೋ ಎನ್ನುತ್ತಿದ್ದರು. ತೊಂಬತ್ತರ ದಶಕದ ಕೊನೆ. ಪೂರ್ತಿ ಆರ್ಕೆಸ್ಟ್ರಾ ಕರೆಸುವ ಯೋಗ್ಯತೆಯಿಲ್ಲದ ನಮ್ಮಂಥವರಿಗೆ ಅವರು ಕೀಬೋರ್ಡಿನಲ್ಲೇ ತಬಲಾ, ಕೊಳಲು, ಪಿಟೀಲು ಎಲ್ಲವನ್ನೂ ನುಡಿಸಿ, ಒಂದರ ಮೇಲೊಂದು ಸೇರಿಸಿ, ಹಾಡುವವನ ದನಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುವ ‘ಟ್ರ್ಯಾಕ್’ ಕ್ಯಾಸೆಟ್ ಮಾಡಿಕೊಡುತ್ತಿದ್ದರು. ಅದನ್ನು ಕೆಳಗಿನ ಟೀ ಅಂಗಡಿಯ ಗೊಗ್ಗರು ಟೇಪ್‌ರೆಕಾರ್ಡರಿನಲ್ಲಿ ಹಾಕಿ, ಬಸ್ಸು ಹೋಗುವಾಗಲೂ ತಾಳ ಕೇಳಿಸಿದರೆ ಮಾತ್ರ ಪಾಸು. "ನಿಮ್ ಹಾಲ್‌ಗಳಲ್ಲಿರೋ ಸ್ಪೀಕರ್ ಡಬ್ಬಗಳಿಗೆ ಇದೇ ಹೆಚ್ಚಪ್ಪಾ" ಎನ್ನುತ್ತಿದ್ದರು.

ನನ್ನ ದನಿ ಪರವಾಗಿರಲಿಲ್ಲ. ಆದರೆ ವಾದ್ಯದ ತುಣುಕು ಮುಗಿದು ಹಾಡು ಸೇರಬೇಕಾದ ಜಾಗದಲ್ಲಿ ನಾನು ಸಿಗುತ್ತಿರಲಿಲ್ಲ. ಮೊದಲೇ ಬರುತ್ತಿದ್ದೆ, ಇಲ್ಲವೇ ತಡವಾಗಿ. ವಾದ್ಯದವರಾದರೆ ಬೈದುಕೊಂಡಾದರೂ ಕಾಯುತ್ತಾರೆ, ಕ್ಯಾಸೆಟ್ಟು ಕಾಯುವುದಿಲ್ಲ. ನಮ್ಮ ಕಾರ್ಖಾನೆಯ ರಾಜ್ಯೋತ್ಸವದಲ್ಲಿ ಎರಡು ವರ್ಷ ಹೀಗೆ ಎಡವಿದ ಮೇಲೆ ಕನ್ನಡ ಸಂಘದ ಕಾರ್ಯದರ್ಶಿ ತೀರ್ಪು ಕೊಟ್ಟರು: "ಇದೊಂದ್ಸಲ ನೋಡ್ತೀವಿ ಕಣ್ರೀ. ಈ ಸಲಾನೂ ತಪ್ಪಿದ್ರೆ ಮುಂದಿನ ವರ್ಷದಿಂದ ನೀವು ಪರದೆ ಎಳೀರಿ." ವರ್ಷಕ್ಕೊಂದು ಹಾಡು, ಅದೇ ನನ್ನ ಸಂಗೀತ ಜೀವನದ ಒಟ್ಟು ಆಸ್ತಿ. ಮಾಸ್ಟರ ಹತ್ತಿರ ಹೋದೆ.

ಅವರು ಪೆನ್ಸಿಲ್ ಕಚ್ಚುತ್ತ ಯೋಚಿಸಿದರು. "ಟೇಪಿಗೆ ಎಡಗಡೆ ಒಂದು, ಬಲಗಡೆ ಒಂದು ದಾರಿ ಇರುತ್ತಲ್ಲ? ಬಲಗಡೆ ಪೂರ್ತಿ ಮ್ಯೂಸಿಕ್, ಅದು ಜನಕ್ಕೆ. ಎಡಗಡೆ ನಾನಿರ್ತೀನಿ, ಯಾವಾಗ್ ಸೇರ್ಬೇಕು ಅಂತ ಹೇಳ್ತಾ. ಅದು ನಿನ್ ಕಿವಿಗೆ ಮಾತ್ರ." ಎಡಗಡೆಯ ದಾರಿಯಿಂದ ಉದ್ದನೆಯ ತಂತಿ ಎಳೆದು, ಅಂಗಿಯೊಳಗಿಂದ ಹಾಯಿಸಿ, ನನ್ನ ಕಿವಿಗೊಂದು ಇಯರ್‌ಫೋನ್ ಸಿಕ್ಕಿಸಿದರು.

ರಾಜ್ಯೋತ್ಸವದ ಸಂಜೆ ಹೆಂಡತಿ ಹಿಂದಿನ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ ಕೂತಿದ್ದಳು. ಎರಡು ವರ್ಷದ ಅನುಭವ. ಮಾಸ್ಟರೂ ಅವಳ ಪಕ್ಕದಲ್ಲೇ. ಕ್ಯಾಸೆಟ್ ಶುರುವಾಯಿತು. ಕಿವಿಯಲ್ಲಿ ಏನೂ ಇಲ್ಲ. ಅಷ್ಟರಲ್ಲಿ ಹಾಲಿನ ನಾಲ್ಕೂ ಮೂಲೆಯಿಂದ ಮಾಸ್ಟರ ಪಿಸುದನಿ ಗುಡುಗಿತು:

"ತಡಿ... ಆತುರ ಬೇಡ... ಕೊಳಲು ಮುಗೀಲಿ... ಉಸಿರ್ ತಗೋ... ಬಾ!"

"ಬಾ ಗುರು, ಕರೀತಾವ್ರೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹಾಲ್ ನಕ್ಕಿತು. ಇಷ್ಟು ಜನ ಕರೆದ ಮೇಲೆ ಹೋಗದಿರಲಾದೀತೇ? ಪಲ್ಲವಿ ಹಿಡಿದೆ.

ಮಂಡಿನೋವಿನ ಮಾಸ್ಟರು ಕುಂಟುತ್ತ ಮೈಕ್‌ಸೆಟ್ಟಿನವನ ಮೇಜಿಗೆ ಬಂದರು. ಅವನು ಹೆಮ್ಮೆಯಿಂದ, "ಒಂದ್ ಸೈಡ್ ಬರ್ತಾನೇ ಇರ್ಲಿಲ್ಲ ಸಾರ್. ಇವ್ರ ಕಿವಿ ವೈರ್ ಕಿತ್ತು ಬಾಕ್ಸಿಗೆ ಕೊಟ್ಟು ಸರಿ ಮಾಡ್ದೆ" ಎಂದ.

"ನೀನ್ ಮಾಡಿರೋ ಸರಿ ಸಾಕಪ್ಪಾ!" ಎಂದು ಮಾಸ್ಟರು ಎಡಗಡೆಯ ತಂತಿಯನ್ನು ಕಿತ್ತರು. ಕಿತ್ತ ರಭಸಕ್ಕೆ ಪಿನ್ನು ಮುರಿದು ಒಳಗೇ ಉಳಿಯಿತು. ಇನ್ನು ಆ ದನಿ ಹಾಲಿಗೂ ಇಲ್ಲ, ನನಗೂ ಇಲ್ಲ. ಪಲ್ಲವಿ ಮುಗಿದು, ಪಿಟೀಲಿನ ತುಣುಕು ಶುರುವಾಗಿತ್ತು. ಅದು ಮುಗಿದರೆ ಮೊದಲನೇ ಚರಣ. ಮುಂದಿನ ಸಾಲಿನಲ್ಲಿ ಕಾರ್ಯದರ್ಶಿಗಳು ಪರದೆಯ ಹಗ್ಗದ ಕಡೆ ನೋಡಿದರು.

ಮಾಸ್ಟರು ವೇದಿಕೆಯ ಬುಡಕ್ಕೆ ಬಂದು ನಿಂತು, ಕಿವಿಯಿಂದ ಪೆನ್ಸಿಲ್ ತೆಗೆದು ಮೇಲೆತ್ತಿದರು. ನಾನು ಅದರ ಮೊನೆಯನ್ನೇ ನೋಡಿದೆ. ಪೆನ್ಸಿಲ್ ಕೆಳಗಿಳಿಯಿತು. ಬಂದೆ. ಸರಿಯಾಗಿ ಬಂದೆ.

ಮತ್ತೆ ಕೊಳಲು. ಎರಡನೇ ಚರಣಕ್ಕೂ ಪೆನ್ಸಿಲ್ ಏಳುತ್ತದೆಂದು ಕಾದೆ. ಮಾಸ್ಟರು ಅದನ್ನು ಕಿವಿಗೆ ಸಿಕ್ಕಿಸಿ, ನನಗೆ ಬೆನ್ನು ತಿರುಗಿಸಿ, ಮೆಟ್ಟಿಲ ಮೇಲೆ ಕೂತುಬಿಟ್ಟರು! ಆ ನರೆತ ತಲೆಯನ್ನು ನೋಡುತ್ತ, ಬಾಯೊಳಗೇ ತಡಿ, ತಡಿ ಎಂದುಕೊಂಡೆ. ಕೊಳಲು ಮುಗಿಯಿತು. ಉಸಿರು ತೆಗೆದುಕೊಂಡೆ. ಬಂದೆ.

ಆಮೇಲೆ ಹೊರಗೆ ಕೇಳಿದೆ: "ಯಾಕ್ ಮಾಸ್ಟರ್, ಕೈ ಬಿಟ್ಬಿಟ್ರಿ?"

"ಮಂಡಿ ನೋವಪ್ಪಾ. ಎಷ್ಟೊತ್ ಅಂತ ನಿಂತ್ಕೊಳ್ಳೋದು?"

ಮುಂದಿನ ವರ್ಷ ಅದೇ ಹಾಡಿನ ಹೊಸ ಕ್ಯಾಸೆಟ್ ಕೊಟ್ಟರು. ಹಾಕಿ ನೋಡಿದರೆ, ಎಡಗಡೆ ಅವರ ದನಿ ಮೊದಲ ಚರಣದವರೆಗೆ ಮಾತ್ರ. ಎರಡನೆಯದಕ್ಕೆ ಬರಿಯ ಟೇಪಿನ ಸರಸರ ಸದ್ದು. ಕೇಳಿದ್ದಕ್ಕೆ, "ಟೇಪ್ ಸಾಲ್ಲಿಲ್ಲ" ಎಂದರು. ಬಲಗಡೆ ಮ್ಯೂಸಿಕ್ ಕೊನೆಯವರೆಗೂ ಇತ್ತು.

ಕೆಲವು ವರ್ಷಗಳ ನಂತರ, ಎದೆನೋವೆಂದು ಆಟೋ ಹತ್ತಿದ ಮಾಸ್ಟರು ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡರು. ಹದಿಮೂರನೇ ದಿನ ಆ ಮೊಟ್ಟೆ ಟ್ರೇಗಳ ಕೋಣೆಯಲ್ಲಿ, ಹತ್ತು ಹನ್ನೆರಡು ಜನರ ಮುಂದೆ, ಆ ಕ್ಯಾಸೆಟ್ಟಿಗೇ ಹಾಡಿದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದೆ. ಮೊದಲನೇ ಚರಣಕ್ಕೆ ಅವರು "ಬಾ" ಎಂದಾಗ ಸರಿಯಾಗಿ ಸೇರಿದೆ. ಎರಡನೆಯದಕ್ಕೆ, ಆ ಸರಸರವನ್ನೇ ಕೇಳುತ್ತ, ಅರ್ಧ ಮಾತ್ರೆ ತಡವಾಯಿತು.