ಹಿಂದಿನ ಸೀಟಿನ ಎದುರುಮನೆಯಮ್ಮ

ಮೊನ್ನೆ ನಮ್ಮ ಹಳೇ ಕಾರನ್ನು ಕೊಳ್ಳುವುದಕ್ಕೆಂದು ಯಾರೋ ಗಂಡ ಹೆಂಡತಿ ನೋಡಲು ಬಂದಿದ್ದರು. ಬೆಳಗಿನಿಂದ ಬಿಸಿಲಲ್ಲೇ ನಿಂತಿದ್ದ ಕಾರು. ಮಗ ಹಿಂದಿನ ಬಾಗಿಲು ತೆಗೆದನೋ ಇಲ್ಲವೋ, ಕಾದ ಸೀಟಿನ ವಾಸನೆ, ಅದರ ಜೊತೆ ಒಂಚೂರು ಪೆಟ್ರೋಲು, ಯಾವತ್ತೋ ಉದುರಿ ಒಣಗಿದ ಮಲ್ಲಿಗೆ... ರಪ್ಪನೆ ಮುಖಕ್ಕೆ ಬಡಿಯಿತು. ಗೇಟು ಹಿಡಿದು ಅಲ್ಲೇ ನಿಂತುಬಿಟ್ಟೆ. ಎದುರುಮನೆಯಮ್ಮನನ್ನು ನೆನೆದು ಎಷ್ಟು ಕಾಲವಾಗಿತ್ತು!

ನಾನು ಮದುವೆಯಾಗಿ ಲಕ್ಷ್ಮೀಪುರಂಗೆ ಬಂದ ಹೊಸತು. ಎದುರುಮನೆಯ ಯಜಮಾನರು ಅಮಲ್ದಾರರಾಗಿ ರಿಟೈರಾದವರು. ಇಡೀ ಬೀದಿಗೆ ಇದ್ದದ್ದು ಅವರದೊಂದೇ ಕಾರು. ಕಪ್ಪು ಬಣ್ಣದ್ದು, ಉದ್ದ ಮೂತಿಯದ್ದು. ಅವರ ಮಕ್ಕಳೆಲ್ಲ ಅದರಲ್ಲೇ ಓಡಾಡಿಕೊಂಡು ಬೆಳೆದು, ಹೂವು ಸುತ್ತಿದ ಅದೇ ಕಾರಿನಲ್ಲಿ ಮದುವೆಯಾಗಿ ಹೋದವರು. ಅಮಲ್ದಾರರ ಗತ್ತು ಅಂದರೆ ಗತ್ತು, ಸ್ಟಿಯರಿಂಗನ್ನು ಇನ್ನೊಬ್ಬರ ಕೈಗೆ ಕೊಟ್ಟವರೇ ಅಲ್ಲ. ಅವರ ಹೆಂಡತಿ, ನಮಗೆಲ್ಲ ಅಮ್ಮ, ಹಿಂದಿನ ಸೀಟಿನಲ್ಲಿ ಗಂಡನ ಬೆನ್ನಿಗೇ ಬಾಗಿ ಕೂರುತ್ತಿದ್ದರು. ಗೇಟು ದಾಟಿದಾಗಿನಿಂದ ವಾಪಸ್ಸು ಬರುವತನಕ ಒಂದೇ ಸಮನೆ ಮಾತು. "ಅಯ್ಯೋ, ಆ ಜಟಕಾ ಕುದುರೆ ಎಷ್ಟು ಬಡಕಲಾಗಿದೆ ನೋಡ್ರೀ, ಪಾಪ, ಎಡಗಡೇಲಿ ಕುಂಟ್ಕೊಂಡು ಬರ್ತಾ ಅದೆ... ಓ, ಮೂಲೆ ಮನೆಯವರು ಸುಣ್ಣ ಹೊಡ್ಸವ್ರೆ, ಬಂದೇಬುಡ್ತು ನೋಡಿ..." "ಸಾಕು ಮಾಡೇ ನಿನ್ನ ಪುರಾಣ" ಎಂದು ಅಮಲ್ದಾರರು ಗದರುವುದು ಬೀದಿಗೆಲ್ಲ ಕೇಳಿಸುತ್ತಿತ್ತು. ನಮ್ಮತ್ತೆ ಆಕೆಗೆ ಇಟ್ಟಿದ್ದ ಹೆಸರು ರೇಡಿಯೋ.

ಅಮಲ್ದಾರರು ಕಾರು ಮಾರುತ್ತಾರಂತೆ ಎಂದು ಒಂದು ದಿನ ಸುದ್ದಿಯಾಯಿತು. ಕೇಳಿದವರಿಗೆಲ್ಲ "ಗಾಡಿಗೆ ವಯಸ್ಸಾಯ್ತು ಕಣ್ರೀ, ಸಾಮಾನು ಸಿಗಲ್ಲ" ಎನ್ನುತ್ತಿದ್ದರು. ನಿಜ ಹೇಳಿದವರು ಅಮ್ಮ. ತೆಂಗಿನಕಾಯಿ ಹೋಳು ಕೇಳಲು ಬಂದವರು ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ನಾನು ಕಂಡಂತೆ ಮೊದಲ ಸಲ ದನಿ ತಗ್ಗಿಸಿದರು. "ವಯಸ್ಸಾಗಿರೋದು ಗಾಡಿಗಲ್ಲ ಕಣಮ್ಮ, ಇವರ ಕಣ್ಣಿಗೆ. ಎಲ್ಲಾ ಮಂಜುಮಂಜು. ಡಾಕ್ಟ್ರು ಇನ್ನೇನೂ ಮಾಡಕ್ಕಾಗಲ್ಲ ಅಂದ್ಬುಟ್ರು. ಯಾರ್ಗೂ ಹೇಳ್ಬೇಡ. ಬೀದಿಗೆ ಗೊತ್ತಾದ್ರೆ ಈ ಮನುಷ್ಯ ಹೊರಗೇ ತಲೆ ಹಾಕಲ್ಲ." ಕಣ್ಣು ತುಂಬಿತ್ತು. ಕಾರು ಹೋಗಬೇಕು, ಗಂಡನ ಮರ್ಯಾದೆ ಹೋಗಬಾರದು. ಆಕೆಗೆ ಬೇಕಿದ್ದದ್ದು ಅಷ್ಟೇ.

ಸಂತೇಪೇಟೆಯ ಅಕ್ಕಿ ಮಂಡಿಯವರೊಬ್ಬರು ಬಂದರು. ಒಂದು ಸುತ್ತು ಓಡಿಸಿ ನೋಡೋಣವೇ ಎಂದರು. ಅವರ ಕೈಗೆ ಕೊಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಊಹೂಂ! "ನಾನೇ ಓಡಿಸಿ ತೋರಿಸ್ತೀನಿ" ಎಂದು ಅಮಲ್ದಾರರು ಪೇಟ ಸರಿಮಾಡಿಕೊಂಡು ಕೂತೇಬಿಟ್ಟರು. ಅಮ್ಮನ ಮುಖ ಬಿಳಿಚಿಕೊಂಡಿತು. ತಾವೂ ಬರುತ್ತೇನೆಂದು ಹಿಂದೆ ಹತ್ತಿದವರು, ಗೇಟಿನಲ್ಲಿ ನಿಂತಿದ್ದ ನನ್ನನ್ನೂ ಎಳೆದುಕೊಂಡರು. ಅಮಲ್ದಾರರು ಹಿಂದೆ ತಿರುಗಿ, "ಬಂದವರ ಮುಂದೆ ತುಟಿ ಪಿಟಕ್ ಅನ್ನಬಾರದು, ತಿಳೀತೇನೆ?" ಎಂದರು.

ಕಾರು ಹೊರಟಿತು. ಅಮ್ಮ ಸುಮ್ಮನೆ ಕೂತರು. ನನ್ನ ಕೈ ಹಿಡಿದಿದ್ದ ಅವರ ಬೆರಳುಗಳು ಮಾತ್ರ ಸುಮ್ಮನಿರಲಿಲ್ಲ. ಎದುರಿಗೆ ಸೈಕಲ್ಲು ಬಂದರೆ ಬಿಗಿಯುತ್ತಿದ್ದವು, ಅದು ದಾಟಿ ಹೋದರೆ ಸಡಿಲವಾಗುತ್ತಿದ್ದವು. ಕಾರು ತೆವಳುತ್ತಿತ್ತು. ಆಗ ನನಗೆ ಹೊಳೆಯಿತು ನೋಡಿ. ಎಡಗಡೆ ಜಟಕಾ... ಸುಣ್ಣ ಹೊಡೆಸಿದ ಮನೆ ಬಂದರೆ ತಿರುವು... ಅಯ್ಯೋ ದೇವರೇ, ಇಷ್ಟು ದಿನ ಈ ಕಾರು ನಡೆದದ್ದು ಇವರ ಬಾಯಿಂದ!

ಕುಕ್ಕರಹಳ್ಳಿ ಕೆರೆಯ ಹತ್ತಿರ, ನಡುರಸ್ತೆಯಲ್ಲೇ ಅಮಲ್ದಾರರು ಕಾರು ನಿಲ್ಲಿಸಿಬಿಟ್ಟರು. ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಅಷ್ಟು ಸಣ್ಣ ದನಿ ಅವರಿಗಿದೆಯೆಂದೇ ನನಗೆ ಗೊತ್ತಿರಲಿಲ್ಲ.

"ಯಾಕೆ ಸುಮ್ನಿದ್ದೀಯೇ? ಏನಾದ್ರೂ ಹೇಳೇ..."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಂಡಿಯವರು ಒಮ್ಮೆ ಅಮಲ್ದಾರರ ಮುಖ ನೋಡಿದರು, ಒಮ್ಮೆ ಹಿಂದಕ್ಕೆ ತಿರುಗಿ ಅಮ್ಮನನ್ನು ನೋಡಿದರು. ಏನೂ ಕೇಳಲಿಲ್ಲ, ಪುಣ್ಯಾತ್ಮರು. "ಸ್ವಾಮಿ, ಗಾಡಿ ನಂಗೊಪ್ಪಿಗೆ ಆಯ್ತು. ಇನ್ಮೇಲೆ ಓಡ್ಸೋನು ನಾನೇ ಅಲ್ವ, ತಾವು ಈ ಕಡೆ ಕೂತ್ಕೊಂಡು ಒಂಚೂರು ಹೇಳ್ಕೊಟ್ಬುಡಿ" ಎಂದು ತಾವೇ ಮೊದಲು ಇಳಿದರು. ಅಮಲ್ದಾರರು ಇಳಿದು, ಕಾರಿನ ಮೂತಿಯನ್ನು ಕೈಯಿಂದ ಸವರುತ್ತ ಸವರುತ್ತ ಈ ಕಡೆಗೆ ಬಂದರು. ಕಂಡವರು ಕಾರಿನ ಮೇಲಿನ ಮಮಕಾರ ಎಂದುಕೊಳ್ಳಬೇಕು, ಹಾಗೆ. ವಾಪಸ್ಸು ಬರುವಾಗ ಅಮ್ಮನ ಮಾತು ಮತ್ತೆ ಶುರುವಾಯಿತು. ಯಾರೂ ಗದರಲಿಲ್ಲ.

ಆಮೇಲೆ ಸಂಜೆ ಹೊತ್ತು ಇಬ್ಬರೂ ನಡೆದೇ ತಿರುಗಾಡುತ್ತಿದ್ದರು. ಅಮ್ಮ ಒಂದು ಹೆಜ್ಜೆ ಮುಂದೆ, ಅವರು ಆ ಮಾತಿನ ಹಿಂದೆ. "ಕಾರು ಹೋದ್ರೂ ರೇಡಿಯೋ ನಿಲ್ಲಲಿಲ್ಲ" ಎಂದು ನಮ್ಮತ್ತೆ ನಗುತ್ತಿದ್ದರು. ನಾನು ಬಾಯಿ ಬಿಡಲಿಲ್ಲ.

ಮೊದಲು ಹೋದವರು ಅಮ್ಮನೇ. ನಾಲ್ಕು ದಿನದ ಜ್ವರ, ಅಷ್ಟೇ... ಅಮಲ್ದಾರರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಬೀದಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ನೋಡಲಾರದೆ ಒಂದು ಸಂಜೆ ನಾನೇ ಹೋಗಿ ಮೆಟ್ಟಿಲ ಮೇಲೆ ಕೂತೆ. "ಸೊಪ್ಪಿನವಳು ಬರ್ತಿದಾಳೆ, ಬುಟ್ಟಿ ತುಂಬ ದಂಟು" ಎಂದೆ. ಅವರು ತಲೆಯಾಡಿಸಿದರು. "ಅವಳಾಗಿದ್ರೆ ಬಾಡಿದ್ಯೋ ಇಲ್ವೋ, ಅದನ್ನೂ ಹೇಳ್ಬುಡೋಳು ಕಣಮ್ಮ" ಎಂದರು. ಮನೆಗೆ ಬಂದು ನಾನು ಚೆನ್ನಾಗಿ ಅತ್ತೆ.

ನಮ್ಮ ಕಾರನ್ನು ನೋಡಲು ಬಂದ ಗಂಡ ಹೆಂಡತಿ ಒಂದು ಸುತ್ತು ಹೋಗಿ ಬಂದರು. "ಒಳಗೆ ಕೂತ್ರೆ ಒಂಚೂರೂ ಸದ್ದೇ ಇಲ್ಲ ಅಜ್ಜಿ, ತುಂಬಾ ಚೆನ್ನಾಗಿದೆ" ಎಂದಳು ಹುಡುಗಿ, ಮೆಚ್ಚಿಕೊಂಡು. ನಾನು ಎದುರಿಗೆ ನೋಡಿದೆ. ಆ ಮನೆ ಹೋಗಿ ಎಷ್ಟೋ ಕಾಲವಾಯಿತು, ಜಗಲಿಯೂ ಇಲ್ಲ, ಆ ದನಿ ಕೇಳಿದವರು ಈ ಬೀದಿಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಉಳಿದಿಲ್ಲ.

"ಇವರು ಓಡಿಸುವಾಗ ನೀನು ಏನಾದ್ರೂ ಮಾತಾಡ್ತಿರಮ್ಮ" ಎಂದೆ. ಹುಡುಗಿ ಗಂಡನ ಮುಖ ನೋಡಿ ನಕ್ಕಳು. ಮುದುಕಿಗೆ ಅರಳುಮರಳು ಎಂದುಕೊಂಡಿರಬೇಕು.