ಖಾಲಿ ಬಿಡಬಾರದ ಅಟ್ಟ

ತಲೆಯ ಮೇಲೆ ತೆಂಗಿನಕಾಯಿ ಬಿದ್ದರೆ ಏನು ಗತಿ ಎಂಬ ಚಿಂತೆ ಜೀವಿತಾಳಿಗೆ ಹಾಲ್ಕುರಿಕೆಗೆ ಸೊಸೆಯಾಗಿ ಬಂದ ದಿನವೇ ಅಂಟಿಕೊಂಡಿತ್ತು. ತೋಟದಲ್ಲಿ ನಡೆಯುವಾಗ ಅವಳ ಕಣ್ಣು ದಾರಿಯ ಮೇಲಿರದೆ ಗೊನೆಯ ಮೇಲಿರುತ್ತಿತ್ತು. ಹಾಗಾಗಿ ಎಡವಿ ಬಿದ್ದದ್ದೇ ಹೆಚ್ಚು. ಮಗ ಉಜ್ವಲ್ ನಡೆಯಲು ಕಲಿತ ಮೇಲೆ ಅವನಿಗೊಂದು ಹೆಲ್ಮೆಟ್ ತರಿಸುವ ಮಾತನ್ನೂ ಆಡಿದ್ದಳು.

"ತೆಂಗಿನ ಮರಕ್ಕೆ ಕಣ್ಣೈತೆ ಕಣಮ್ಮ, ಜನದ ಮ್ಯಾಲೆ ಕಾಯಿ ಬೀಳಿಸಲ್ಲ," ಎಂದು ಮಾವ ತೋಂಟದಾರ್ಯರು ಸಮಾಧಾನ ಹೇಳಿದ್ದರು.

ಮರಕ್ಕೆ ಕಣ್ಣಿರಬಹುದು. ಅಟ್ಟಕ್ಕೆ?

ಅಟ್ಟದ ಕಥೆ ಹೇಳಬೇಕಾದರೆ ಮೊದಲು ಕಾಡಿನ ಕಥೆ ಹೇಳಬೇಕು. ಊರಾಚೆಯ ಕಲ್ಲುಭೂಮಿಯಲ್ಲಿ ತೋಂಟದಾರ್ಯರು ಪ್ರಾಯದಲ್ಲಿ ಮತ್ತೆ ಮತ್ತೆ ತೆಂಗಿನ ಸಸಿ ನೆಟ್ಟರು, ಒಂದೂ ಹಿಡಿಯಲಿಲ್ಲ. ಕೊನೆಗೆ ಭೂಮಿಯ ಮೇಲೇ ಮುನಿಸಿಕೊಂಡು, "ಬುಡು, ನಿನ್ನಿಷ್ಟ ಬಂದಂಗೆ ಬಿದ್ದಿರು," ಎಂದು ಸುತ್ತ ಕತ್ತಾಳೆ ಬೇಲಿ ಹಾಕಿ ಬಂದುಬಿಟ್ಟರು. ತಾವೂ ಕಾಲಿಡಲಿಲ್ಲ, ಬೇರೆಯವರ ಆಡು ಕಾಲಿಡಲೂ ಬಿಡಲಿಲ್ಲ. ತಾವು ಮಾತು ಬಿಟ್ಟ ಭೂಮಿಯ ಜೊತೆ ಇನ್ನೊಬ್ಬರ ಆಡು ಯಾಕೆ ಮಾತಾಡಬೇಕು? ಭೂಮಿಯೂ ಇದನ್ನೇ ಕಾಯುತ್ತಿತ್ತೇನೋ. ಹಳೆಯ ಬೊಡ್ಡೆಗಳು ಚಿಗುರಿದವು. ಹೊಂಗೆ, ಕಕ್ಕೆ, ಕಮರ ಎದ್ದವು, ನವಿಲು ಬಂದವು. "ಎಲ್ರೂ ಕಾಯಿ ಬೆಳುದ್ರೆ ನೀನು ಪೊದೆ ಬೆಳ್ದೆ ಕಣ್ಲಾ," ಎಂದು ಪಕ್ಕದ ತೋಟದ ತಿಪ್ಪಯ್ಯ ಆಡಿಕೊಂಡ. ಆದರೆ ಪೇಟೆಯವರು ಯಾರೋ ಬಂದು "ಈ ಕಾಡು ನೀವೇ ಬೆಳೆಸಿದ್ದಾ ಸಾರ್?" ಎಂದು ಬೆರಗಾದಾಗ ತೋಂಟದಾರ್ಯರು ಒಂದು ಚೂರೂ ತಡೆಯದೆ, "ಹೂಂ, ನಾನೇಯ," ಎಂದರು.

ಆ ಹುರುಪಿನಲ್ಲೇ ಎರಡು ಸಾವಿರದ ಮೂರರ ಬೇಸಿಗೆಗೆ ಕಾಡಿನ ನಡುವೆ ಮಣ್ಣಿನ ಗೋಡೆಯ ಪುಟ್ಟ ಮನೆಯೂ ಎದ್ದಿತು. ಬೆಂಗಳೂರಿನ ನೆಂಟರಿಷ್ಟರು ಬಂದು ಎರಡು ದಿನ ತಂಪಾಗಿ ಇದ್ದು ಹೋಗಲಿ ಎಂಬುದು ಜೀವಿತಾಳದೇ ಆಸೆ. ಕೋಣೆಗೆ ಅಟ್ಟ ಹಾಕಿಸಿದ್ದು ಮಾತ್ರ ಮಾವ. ಹಾಕಿಸಿದ ಮೇಲೆ ಅದು ಖಾಲಿ ಇರುವುದನ್ನು ಅವರಿಂದ ನೋಡಲಾಗಲಿಲ್ಲ. ಕೊಬ್ಬರಿಯಾಗಲೆಂದು ಸಿಪ್ಪೆಸಮೇತ ಕಾಯಿ ತುಂಬಿಸಿದರು. ಕೆಳಗೆ ಅತಿಥಿಗಳ ಮಂಚ, ಮೇಲೆ ಕಾಲಿಡುವಷ್ಟು ದಾರಿ ಬಿಟ್ಟು ಅಂಚಿನವರೆಗೂ ಕಾಯಿ.

ಮೊದಲ ಅತಿಥಿಯಾಗಿ ಶನಿವಾರ ಬರುತ್ತೇನೆಂದಿದ್ದವಳು ಜೀವಿತಾಳ ಸ್ಕೂಲಿನ ಗೆಳತಿ ಗಿರಿಜಾಂಬಿಕಾ, ಗಂಡ ಮತ್ತು ಹಸುಗೂಸಿನ ಜೊತೆ. ಸ್ಕೂಲಿನಲ್ಲಿ ಜೀವಿತಾಳಿಗೆ "ಪುಕ್ಕಲಿ" ಎಂದು ಹೆಸರಿಟ್ಟವಳೇ ಅವಳು. ಬರಬೇಡ ಎಂದರೆ ಆ ಹೆಸರು ಖಾಯಂ. ಬಾ ಎಂದರೆ ಕೂಸಿನ ತಲೆಯ ಮೇಲೆ ಅಟ್ಟ. ಜೀವಿತಾಳದು ವಾರವಿಡೀ ಫೋನಿನವರೆಗೆ ಹೋಗುವುದು, ಅದರ ಧೂಳು ಒರೆಸಿ ವಾಪಸು ಬರುವುದು, ಇದೇ ಆಯಿತು.

"ಮಾವ, ಅಟ್ಟ ಖಾಲಿ ಮಾಡಿಸಿ."

"ಒಳಗೆ ನೀರು ಇಂಗ್ತಾ ಐತೆ ಕಣಮ್ಮ. ಈಗ ಕಾಯಿ ಅಲ್ಲಾಡ್ಸಿದ್ರೆ ಕೊಬ್ರಿ ಕೆಟ್ಟೋಯ್ತದೆ."

"ಬಿದ್ದರೆ?"

"ಹುಟ್ದಾಗ್ನಿಂದ ಅಟ್ಟದ ಕೆಳ್ಗೇ ಮಲಗಿವ್ನಿ. ನನ್ ತಲೆಗೆ ಏನಾರಾ ಆಗೈತಾ?"

"ಆಗಿಲ್ಲ ಅಂತ ಯಾರಂದ್ರು?" ಎಂದರು ಒಳಗಿನಿಂದ ಅತ್ತೆ ದ್ರಾಕ್ಷಾಯಣಮ್ಮ.

ಸೊಸೆಯ ಭಯ ಬಿಡಿಸಿಯೇ ಸಿದ್ಧ ಎಂದು ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ತೋಂಟದಾರ್ಯರು ಕಾಡಿನ ಮನೆಗೆ ಹೋಗಿ ಅತಿಥಿಗಳ ಮಂಚದ ಮೇಲೆ ಮಲಗಿದರು. ಊರಿನಲ್ಲೇ ತೂಕದ ಆಳಾದ ತಿಪ್ಪಯ್ಯನನ್ನು ಅಟ್ಟ ಹತ್ತಿಸಿ, "ಓಡಾಡ್ಲಾ," ಎಂದು ಕಣ್ಣು ಮುಚ್ಚಿದರು. ಜೀವಿತಾ ಉಜ್ವಲ್‌ನನ್ನು ಅವುಚಿಕೊಂಡು ಬಾಗಿಲಲ್ಲೇ ನಿಂತಳು. ತಿಪ್ಪಯ್ಯ ಎರಡು ಹೆಜ್ಜೆ ಇಟ್ಟ. ಅಂಚಿನ ಒಂದು ಕಾಯಿ ಉರುಳಿ, ಮಾವನ ಕಿವಿಯ ಪಕ್ಕ, ಹೊಸ ದಿಂಬಿನ ಮೇಲೆ ದೊಪ್ಪನೆ ಬಿತ್ತು. ಜೀವಿತಾ ಕಿರುಚಿದಳು. ಕಾಡಿನಿಂದ ನವಿಲುಗಳು ಓಗೊಟ್ಟವು.

ತೋಂಟದಾರ್ಯರು ಕಣ್ಣು ತೆರೆಯಲಿಲ್ಲ. ಕಾಯಿಯನ್ನು ತಡಕಿ, ಕಿವಿಗೆ ಹಿಡಿದು ಕುಲುಕಿದರು. "ಇನ್ನೂ ನೀರೈತೆ. ದೀಪಾವಳಿಗೆ ಆಯ್ತದೆ," ಎಂದು ಅದನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಹೊರಳಿದರು.

"ಸತ್ನೇನವ್ವ?" ಎಂದ ತಿಪ್ಪಯ್ಯ ಮೇಲಿನಿಂದ.

"ಇಲ್ಲ."

"ಹಂಗಾರೆ ನಾನೆಂಗೆ ಇಳೀಲಿ? ಕಾಲಿಡಾಕೆ ಇರೋದೇ ಆ ಮಂಚ."

ಜೀವಿತಾ ಮಗುವನ್ನು ಕೆಳಗಿಳಿಸಿದಳು. ಮದುವೆಯಾದ ಮೇಲೆ ಮಾವನೆದುರು ಎತ್ತದ ದನಿ ಎತ್ತಿ, "ಏಳಿ ಮಾವ!" ಎಂದಳು. ಅವರು ಗಾಬರಿಯಿಂದ ಎದ್ದರು, ತಿಪ್ಪಯ್ಯ ಮಂಚದ ಮೇಲೆ ಕಾಲಿಟ್ಟು ಇಳಿದ. ಅವಳು ಮಂಚದ ಕಾಲು ಹಿಡಿದು ಬಾಗಿಲ ಕಡೆಗೆ ಎಳೆಯತೊಡಗಿದಳು. "ಕಾಯಿ ಅಲ್ಲಾಡಿಸಬಾರದು ಅಂದಿರಿ. ಮಂಚ ಅಲ್ಲಾಡಿಸಬಹುದಲ್ಲ?"

ತೋಂಟದಾರ್ಯರು ಯೋಚಿಸಿದರು. "ಅದಾಯ್ತದೆ," ಎಂದು ಇನ್ನೊಂದು ತುದಿ ಎತ್ತಿದರು.

ಮಂಚ ಜಗಲಿಗೆ ಬಂತು. ಮೇಲೆ ಬರೀ ಸೋಗೆಯ ಮಾಡು, ಅದರಾಚೆ ಹೊಂಗೆಯ ಕೊಂಬೆ. ಜೀವಿತಾ ಒಂದು ಹೊಂಗೆಕಾಯಿ ಹೆಕ್ಕಿ, ತನ್ನ ತಲೆಯ ಮೇಲೆ ತಾನೇ ಬೀಳಿಸಿಕೊಂಡು ನೋಡಿದಳು. ಪರವಾಗಿಲ್ಲ.

ಊರಿನ ಮನೆಗೆ ಬಂದವಳೇ ಫೋನಿನ ಧೂಳು ಒರೆಸದೆ ನಂಬರು ಒತ್ತಿದಳು.

"ಗಿರಿಜಾ, ನಾಳೆ ಬನ್ನಿ. ಆದರೆ ರೂಮು ಸಿಗಲ್ಲ ಕಣೇ, ಜಗಲಿ ಅಷ್ಟೇ."

"ಯಾಕೇ, ಬೇರೆ ಯಾರಾದ್ರೂ ಬಂದಿದಾರಾ?"

"ತೆಂಗಿನಕಾಯಿ. ಅಟ್ಟದ ತುಂಬಾ. ಕೂಸಿನ ಮೇಲೆ ಬಿದ್ದರೆ ಅಂತ ನನಗೆ ಭಯ. ನಗೋದಾದ್ರೆ ನಕ್ಕುಬಿಡು."

ಆ ಕಡೆ ನಗು ಬರಲಿಲ್ಲ. "ನಾನು ಇವನನ್ನ ಫ್ಯಾನ್ ಕೆಳಗೂ ಮಲಗಿಸಲ್ಲ ಕಣೇ," ಎಂದಳು ಗಿರಿಜಾಂಬಿಕಾ ಸಣ್ಣ ದನಿಯಲ್ಲಿ. "ಕಳಚಿ ಬಿದ್ದುಬಿಟ್ರೆ? ಮನೇಲಿ ಎಲ್ಲರೂ ನಗ್ತಾರೆ. ನಿಮ್ಮ ಜಗಲೀಲಿ ಫ್ಯಾನ್ ಇಲ್ಲ ತಾನೆ?"

"ಕರೆಂಟೇ ಇಲ್ಲ."

"ಹಾಗಾದ್ರೆ ಮೊದಲನೇ ಬಸ್ಸಿಗೇ ಹೊರಡ್ತೀವಿ."